ಮೈನಸ್ 15ರಲ್ಲಿ ಒಗ್ಗರಣೆ

ಅಮೆರಿಕದ ಕನ್ನಡಿಗರ ಜಾತಕದಲ್ಲಿ ಗ್ರೀನ್ ಕಾರ್ಡ್ ದೆಸೆ ಮುಗಿದ ಮೇಲೆ ವ್ಯಾನ್ ದೆಸೆ ಶುರುವಾಗುತ್ತದೆ. ಮೊದಲು ಸೆಕೆಂಡ್ ಹ್ಯಾಂಡ್ ಕ್ಯಾಮ್ರಿ, ಆಮೇಲೆ ಬೇಸ್‌ಮೆಂಟ್ ಇರುವ ಮನೆ, ಬೇಸ್‌ಮೆಂಟಿನಲ್ಲಿ ಹೋಮ್ ಥಿಯೇಟರ್, ಮಗಳು ಕಾಲೇಜು ಸೇರಿ ಮನೆ ಬಿಟ್ಟ ಮೇಲೆ ಅದೇ ಥಿಯೇಟರಿನಲ್ಲಿ ಒಂಟಿಯಾಗಿ ಕೂತು ರಾತ್ರಿ ಒಂದರ ತನಕ ಮನೆಯಂತೆ ಮಾಡಿದ ವ್ಯಾನಿನ ವಿಡಿಯೋ. ಡೆನ್ವರ್ ಸುತ್ತಮುತ್ತ ಈ ಕಾಟ ಇನ್ನೂ ಜಾಸ್ತಿ. ಇಲ್ಲಿ ಆಫೀಸಿನ ಕಿಟಕಿಯಿಂದ ರಾಕಿ ಪರ್ವತ ಕಾಣುತ್ತದೆ, ಪಾರ್ಕಿಂಗ್ ಲಾಟಿನಲ್ಲಿ ಸಹೋದ್ಯೋಗಿಯ ಸ್ಪ್ರಿಂಟರ್ ವ್ಯಾನ್ ಕಾಣುತ್ತದೆ. ಪರ್ವತ ನೋಡಿ ಯಾರೂ ಹೊಟ್ಟೆ ಉರಿದುಕೊಂಡದ್ದಿಲ್ಲ.

ನಮ್ಮ ಮಿತ್ರರೊಬ್ಬರಿಗೆ ಈಗ ಆ ದೆಸೆ ನಡೆಯುತ್ತಿದೆ. ಅವರಿಗೆ ಬೇಕಾದದ್ದು ಸಾಮಾನ್ಯ ಮೋಟಾರ್‌ಹೋಮ್ ಅಲ್ಲ. ಚಿಕ್ಕದಿರಬೇಕು, ಅಂದರೆ ಇಪ್ಪತ್ತು ಅಡಿಯೊಳಗೆ. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗಬೇಕು. ಜನವರಿಯಲ್ಲಿ, ಮೊಣಕಾಲುದ್ದ ಹಿಮದ ನಡುವೆ, ಅದರೊಳಗೆ ಮಲಗಿ ಏಳಬೇಕು. ಯಾಕಪ್ಪಾ ಎಂದು ಕೇಳಿದರೆ ‘ನಿಶ್ಶಬ್ದಕ್ಕೆ’ ಅಂದರು. ಆ ನಿಶ್ಶಬ್ದದ ಬೆಲೆ ಎರಡು ಲಕ್ಷ ಡಾಲರ್ ದಾಟುತ್ತದೆ. ಅಷ್ಟು ಕೊಟ್ಟ ಮೇಲೂ ಹೀಟರಿನ ಫ್ಯಾನು, ನೀರಿನ ಪಂಪು, ಫ್ರಿಜ್ಜಿನ ಕಂಪ್ರೆಸರ್ ಮೂರೂ ಸೇರಿ ರಾತ್ರಿಯಿಡೀ ಹರಟುತ್ತವೆ.

ಈ ಗಾಡಿಗಳ ಕ್ಯಾಟಲಾಗುಗಳನ್ನು ನೀವು ನೋಡಬೇಕು. ಸುತ್ತ ಪೈನ್ ಮರ, ಅದರ ಮೇಲೆ ಹಿಮ, ನಡುವೆ ವ್ಯಾನು. ವ್ಯಾನಿನ ಹಿಂಬಾಗಿಲೆರಡೂ ದಿಡ್ಡಿ ಬಾಗಿಲಿನ ಹಾಗೆ ತೆರೆದುಕೊಂಡಿವೆ. ಒಳಗೆ ಹಾಸಿಗೆ ಮೇಲೆ ತೆಳು ಸ್ವೆಟರಿನ ದಂಪತಿ, ಕೈಯಲ್ಲಿ ಹಬೆಯಾಡುವ ಕಪ್ಪು, ಕಾಲಲ್ಲಿ ಬರೀ ಸಾಕ್ಸು. ಅಷ್ಟು ಚಳಿಯಲ್ಲಿ ಬಾಗಿಲನ್ನು ಯಾರು ತೆರೆದರು, ಯಾಕೆ ಮುಚ್ಚಲಿಲ್ಲ, ಹೀಟರಿನ ಇಂಧನಕ್ಕೆ ದುಡ್ಡು ಯಾರಪ್ಪ ಕೊಡುತ್ತಾನೆ ಎಂಬುದು ಆ ಪುಟದಲ್ಲಿ ಇರುವುದಿಲ್ಲ. ಒಂದು ಚಿತ್ರದಲ್ಲಾದರೂ ಯಾರಾದರೂ ಗಾಡಿಯ ಕೆಳಗೆ ತೂರಿಕೊಂಡು ಹೇರ್ ಡ್ರೈಯರ್ ಹಿಡಿದು ಹೆಪ್ಪುಗಟ್ಟಿದ ವಾಲ್ವು ಕರಗಿಸುತ್ತಿರುವುದು ನನಗೆ ಈವರೆಗೆ ಸಿಕ್ಕಿಲ್ಲ. ಚಳಿಗಾಲದ ಕ್ಯಾಂಪಿಂಗಿನಲ್ಲಿ ಅತಿ ಹೆಚ್ಚು ಕಾಣುವ ಭಂಗಿ ಅದೇ.

ಮಿತ್ರರು ಸಾಫ್ಟ್‌ವೇರ್ ಜನ, ಆದ್ದರಿಂದ ಸುಮ್ಮನೆ ಕೊಳ್ಳುವ ಹಾಗಿಲ್ಲ, ಮೌಲ್ಯಮಾಪನ ಆಗಬೇಕು. ಒಂದು ಸ್ಪ್ರೆಡ್‌ಶೀಟ್ ತಯಾರಾಯಿತು. ಟಾರ್ಕ್, ನೆಲದಿಂದ ಎತ್ತರ, ಟೈರಿನ ವ್ಯಾಸ, ಛಾವಣಿಯ ಮೇಲಿನ ದೀಪಗಳ ಸಂಖ್ಯೆ, ಎಲ್ಲಕ್ಕೂ ಒಂದೊಂದು ಕಾಲಂ, ಪ್ರತಿ ಕಾಲಮಿಗೂ ಒಂದೊಂದು ತೂಕ. ಅದರಲ್ಲಿ ಟಾಯ್ಲೆಟ್ಟಿಗೆ ಕಾಲಂ ಇರಲಿಲ್ಲ. ಅದನ್ನು ಮೊದಲು ಗಮನಿಸಿದವರು ಅವರ ಶ್ರೀಮತಿ. ಆಕೆ ಓದಿದ್ದು ಸಿವಿಲ್, ಮದುವೆಗೆ ಮುಂಚೆ ಕೆಲಸ ಮಾಡಿದ್ದು ಕುಡಿಯುವ ನೀರಿನ ಯೋಜನೆಯೊಂದರಲ್ಲಿ. ಪೈಪು ಎಂದರೆ ಏನು, ಅದು ಯಾವ ಹೊತ್ತಿನಲ್ಲಿ ಕೈಕೊಡುತ್ತದೆ ಎಂಬ ತಿಳಿವಳಿಕೆ ಆ ಮನೆಯಲ್ಲಿ ಇದ್ದದ್ದು ಅವರೊಬ್ಬರಿಗೆ.

ಮೂವರೂ ಒಂದು ಶೋರೂಮಿಗೆ ಹೋದೆವು. ಮಾರಾಟಗಾರ ಒಳ್ಳೆಯ ಹುಡುಗ. ಗಾಡಿಯ ಪಕ್ಕ ನಿಂತು ಮುಕ್ಕಾಲು ಗಂಟೆ ಚಕ್ರದ ಸ್ತೋತ್ರ ಹೇಳಿದ. 2023ರಿಂದ ಈಚಿನ ಸ್ಪ್ರಿಂಟರಿನಲ್ಲಿ ಅಗತ್ಯ ಬಿದ್ದರೆ ಎಂಜಿನ್ನಿನ ಬಲದ ಅರ್ಧದವರೆಗೂ ಮುಂದಿನ ಚಕ್ರಗಳಿಗೆ ತಾನಾಗಿ ಹೋಗುತ್ತದಂತೆ, ಫೋರ್ಡ್ ಟ್ರಾನ್ಸಿಟ್ ಕೂಡ 2020ರಿಂದ ಇಂಥದನ್ನು ಕೊಡುತ್ತಿದೆಯಂತೆ. ಮಿತ್ರರು ಸುಮ್ಮನಿರಲಾರದೆ 1985ರ ಫೋಕ್ಸ್‌ವ್ಯಾಗನ್ ಸಿಂಕ್ರೊವನ್ನು ಎಳೆದು ತಂದರು. ಆಸ್ಟ್ರಿಯಾದ ಗ್ರಾಟ್ಸ್ ಊರಿನಲ್ಲಿ ಸ್ಟೈರ್-ಡೈಮ್ಲರ್-ಪುಖ್ ಕಂಪನಿ ಜೋಡಿಸುತ್ತಿದ್ದ ಆ ಗಾಡಿಯೇ ಈ ಕುಲಕ್ಕೆ ಮೂಲಪುರುಷ ಎಂದು ಪ್ರವರ ಹೇಳಿದರು. ಹುಡುಗ ಕೈಮುಗಿಯುವುದೊಂದು ಬಾಕಿ.

‘ಇದು ಹೊರಡುತ್ತೆ ಅನ್ನೋದು ಗೊತ್ತಾಯ್ತು. ನಿಲ್ಲುತ್ತಾ?’ ಅಂದರು ಶ್ರೀಮತಿ.

ಈ ಪ್ರಶ್ನೆಗೆ ಎರಡು ಅರ್ಥ ಇತ್ತು. ಹುಡುಗನಿಗೆ ಒಂದೂ ಹಿಡಿಸಲಿಲ್ಲ. ಮೊದಲನೆಯದು ಬ್ರೇಕಿನದು. ನಾಲ್ಕು ಚಕ್ರಕ್ಕೆ ಎಂಜಿನ್ ಬಲ ಇರುವುದು ಕೆಲವೇ ಗಾಡಿಗಳಿಗೆ, ನಾಲ್ಕು ಚಕ್ರಕ್ಕೆ ಬ್ರೇಕ್ ಇರುವುದು ಎಲ್ಲ ಗಾಡಿಗೂ. ಮಂಜುಗಟ್ಟಿದ ಇಳಿಜಾರಿನಲ್ಲಿ ಎರಡರ ಹಣೆಬರಹವೂ ಟೈರಿನ ರಬ್ಬರಿನಲ್ಲಿ ಬರೆದಿರುತ್ತದೆ. ನಾಲ್ಕು ಟನ್ನಿನ ಹತ್ತಿರ ತೂಗುವ ಗಾಡಿಯಲ್ಲಿ ಅದು ಇನ್ನಷ್ಟು ದಪ್ಪ ಅಕ್ಷರದಲ್ಲಿರುತ್ತದೆ. ಕ್ಯಾಲಿಫೋರ್ನಿಯಾದ ರಸ್ತೆ ಇಲಾಖೆ ಇದನ್ನು ಅರೆದು ಕುಡಿದಿದೆ. ಹಿಮ ಬಿದ್ದಾಗ ಅಲ್ಲಿ ಮೂರು ಹಂತದ ಕಟ್ಟಳೆ. ಎರಡನೇ ಹಂತದವರೆಗೂ, ನಾಲ್ಕೂ ಚಕ್ರಕ್ಕೆ ಹಿಮದ ಟೈರು ಹಾಕಿದ ನಾಲ್ಕು ಚಕ್ರ ಚಾಲನೆಯ ಗಾಡಿಗೆ ಚೈನು ಕಟ್ಟುವುದರಿಂದ ಮಾಫಿ, ಚೈನು ಜೊತೆಗಿದ್ದರೆ ಸಾಕು. ಮೂರನೇ ಹಂತ ಬಂತೋ, ಎರಡು ಲಕ್ಷದ ಗಾಡಿಯಾಗಲಿ ಎರಡು ಸಾವಿರದ್ದಾಗಲಿ, ಎಲ್ಲರೂ ಹಿಮದಲ್ಲಿ ಮಂಡಿಯೂರಿ ಚೈನು ಕಟ್ಟಬೇಕು. ಇಷ್ಟು ನಿಷ್ಪಕ್ಷಪಾತವಾದ ಸರ್ಕಾರಿ ಆಜ್ಞೆ ನಾನು ಬೇರೆ ಕಂಡಿಲ್ಲ.

ಎರಡನೇ ಅರ್ಥ ಇನ್ನೂ ಆಳದ್ದು. ವಾರಾಂತ್ಯದ ಕ್ಯಾಂಪಿಂಗಿನಲ್ಲಿ ಗಾಡಿ ಓಡುವುದು ಹೆಚ್ಚೆಂದರೆ ಐದಾರು ಗಂಟೆ. ಮಿಕ್ಕ ಹೊತ್ತೆಲ್ಲ ಅದು ನಿಂತೇ ಇರುತ್ತದೆ, ಅದೂ ಚಳಿಯಲ್ಲಿ. ದುಡ್ಡು, ಜಾಹೀರಾತು, ಸ್ಪ್ರೆಡ್‌ಶೀಟು ಎಲ್ಲ ಆ ಐದಾರು ಗಂಟೆಗೆ ಮುಡಿಪು. ನಿಂತಿರುವ ಗಂಟೆಗಳನ್ನು ದೇವರಿಗೆ ಬಿಟ್ಟಿದ್ದಾರೆ. ಓಡುವ ಗಂಟೆಗಳಿಗಾದರೂ ಪೂರ್ತಿ ಜಾಗ ಇದೆಯೇ ಎಂದರೆ ಅದೂ ಇಲ್ಲ. ಕೊಲರಾಡೋದ ಎತ್ತರದ ಕಾಡುಗಳಲ್ಲಿ ಹಿಮ ಬಿದ್ದ ಮೇಲೆ ಹೆಚ್ಚಿನ ಅರಣ್ಯ ರಸ್ತೆಗಳಿಗೆ ಗೇಟು ಬೀಳುತ್ತದೆ, ಕ್ಯಾಂಪ್‌ಗ್ರೌಂಡುಗಳು ಮುಚ್ಚುತ್ತವೆ, ತೆರೆದಿರುವ ಒಂದೆರಡರಲ್ಲೂ ನಲ್ಲಿ ಬಂದ್ ಮಾಡಿರುತ್ತಾರೆ. ನಾಲ್ಕು ಚಕ್ರದ ಬಲವೆಲ್ಲ ಬಂದು ಒಂದು ಬೀಗದ ಮುಂದೆ ನಿಲ್ಲುತ್ತದೆ. ಬೀಗಕ್ಕೆ ಟಾರ್ಕ್ ಗೊತ್ತಿಲ್ಲ.

‘ಬಚ್ಚಲ ನೀರು ಎಲ್ಲಿಗೆ ಹೋಗುತ್ತೆ?’ ಇದು ಶ್ರೀಮತಿಯವರ ಮುಂದಿನ ಪ್ರಶ್ನೆ.

ಹುಡುಗ ನೆಲದ ಕಡೆ ಬೆರಳು ತೋರಿಸಿದ. ಗಾಡಿಯ ಹೊಟ್ಟೆಯ ಕೆಳಗೆ ಟ್ಯಾಂಕು, ಅದಕ್ಕೊಂದು ಹೀಟಿಂಗ್ ಪ್ಯಾಡು. ಟ್ಯಾಂಕಿನಿಂದ ಹೊರಗೆ ಬರುವ ಪೈಪಿಗೆ? ಅದು ಬರೀ ಎರಡಡಿ, ಅಂದ. ಆ ಎರಡಡಿಯೇ ಸಾಕು. ನೀರು ಹೆಪ್ಪುಗಟ್ಟುವಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ಹಿಗ್ಗುವಾಗ ಅದು ಗಾಡಿಯ ಬೆಲೆ ವಿಚಾರಿಸುವುದಿಲ್ಲ. ‘ಇದು ಫೋರ್ ಸೀಸನ್ ಗಾಡಿ ಮೇಡಂ’ ಎಂದು ಹುಡುಗ ಬಾಗಿಲಿನ ಸ್ಟಿಕ್ಕರಿಗೆ ಮೊರೆಹೋದ.

ಈ ಸ್ಟಿಕ್ಕರಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಯುರೋಪಿನಲ್ಲಿ ಇದಕ್ಕೊಂದು ಲೆಕ್ಕ ಇದೆ. ಇಎನ್ 1646 ಎಂಬ ಮಾನದಂಡದ ಪ್ರಕಾರ ಮೂರನೇ ದರ್ಜೆ ಬೇಕಾದರೆ ಗಾಡಿಯನ್ನು ಶೀತಲ ಕೋಣೆಯಲ್ಲಿ ಮೈನಸ್ 15 ಡಿಗ್ರಿಗೆ ತಣಿಸಿ, ಆಮೇಲೆ ನಾಲ್ಕು ಗಂಟೆಯೊಳಗೆ ಒಳಗಡೆ 20 ಡಿಗ್ರಿ ಮುಟ್ಟಿಸಿ ತೋರಿಸಬೇಕು, ನಲ್ಲಿಯಲ್ಲಿ ನೀರೂ ಬರಬೇಕು. ಅಮೆರಿಕದಲ್ಲಿ ಫೋರ್ ಸೀಸನ್ ಅನ್ನುವುದಕ್ಕೆ ಅಂಥ ಅಳತೆಗೋಲಿಲ್ಲ. ಯಾವ ಊರಿನ ನಾಲ್ಕು ಋತು ಎಂದೂ ಸ್ಟಿಕ್ಕರು ಹೇಳುವುದಿಲ್ಲ. ಸ್ಯಾನ್ ಡಿಯೇಗೊದಲ್ಲೂ ನಾಲ್ಕು ಋತು ಇವೆ.

ಅಲ್ಲಿಂದ ಮುಂದೆ ಶ್ರೀಮತಿಯವರು ಗಾಡಿಯೊಳಗೆ ಏನೇನು ಗಟ್ಟಿಯಾಗುತ್ತದೆ ಎಂದು ಒಂದೊಂದಾಗಿ ಕೆದಕುತ್ತ ಹೋದರು, ನಾನು ಮೂಲೆಯಲ್ಲಿ ಕೂತು ಪುಕ್ಕಟೆ ಕಾಫಿ ಕುಡಿಯುತ್ತ ಕೇಳಿಸಿಕೊಂಡೆ. ಡೀಸೆಲ್ಲಿನಲ್ಲಿ ಮೇಣದ ಅಂಶ ಇರುತ್ತದೆ, ಬೇಸಿಗೆ ಡೀಸೆಲ್ ತುಂಬಿಕೊಂಡು ಬೆಟ್ಟ ಹತ್ತಿದರೆ ಅದು ಲೋಳೆಯಾಗಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಹೊಗೆ ಶುದ್ಧಿಗೆಂದು ತುಂಬುವ ಯೂರಿಯಾ ದ್ರಾವಣ ಮೈನಸ್ 11ರಲ್ಲೇ ಹೆಪ್ಪುಗಟ್ಟುತ್ತದೆ, ಅದರ ಟ್ಯಾಂಕಿಗೆ ಬೇರೆ ಹೀಟರು. ಲಿಥಿಯಂ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡುವಂತಿಲ್ಲ, ಮಾಡಿದರೆ ಒಳಗೆ ಲೋಹ ಕೂತು ಬ್ಯಾಟರಿ ಹಾಳು. ಆದ್ದರಿಂದ ಬ್ಯಾಟರಿಗೂ ಒಂದು ಹೀಟರು. ಆ ಹೀಟರಿಗೆ ವಿದ್ಯುತ್ತು ಎಲ್ಲಿಂದ? ಬ್ಯಾಟರಿಯಿಂದ. ಹಾಗಾದರೆ ಬ್ಯಾಟರಿ ತುಂಬುವುದು? ಛಾವಣಿಯ ಸೋಲಾರ್ ಫಲಕದಿಂದ. ಫಲಕದ ಮೇಲೆ? ಹಿಮ.

ಹುಡುಗನಿಗೆ ಆ ಹೊತ್ತಿಗೆ ಇನ್ನೊಂದು ಗಿರಾಕಿ ಕಂಡಿತು.

ಮಿತ್ರರು ಇಷ್ಟಕ್ಕೆ ಜಗ್ಗುವವರಲ್ಲ. ಅಂಥದೇ ಗಾಡಿಯೊಂದನ್ನು ಯಾರಿಂದಲೋ ವಾರಾಂತ್ಯಕ್ಕೆ ಬಾಡಿಗೆಗೆ ತಂದರು. ಜಾಗ ಲೆಡ್‌ವಿಲ್ ಹತ್ತಿರ, ಸಮುದ್ರಮಟ್ಟದಿಂದ 10,000 ಅಡಿಗೂ ಮೇಲೆ. ದಾರಿಯುದ್ದಕ್ಕೂ ಹಿಮ. ವ್ಯಾನು ಗಾಂಭೀರ್ಯದಿಂದ ಹತ್ತಿತು, ಅದರಲ್ಲಿ ಎರಡು ಮಾತಿಲ್ಲ. ಅದರ ಹಿಂದೆಯೇ ಮುಂದಿನ ಎರಡೇ ಚಕ್ರಕ್ಕೆ ಬಲ ಇರುವ ನನ್ನ ಹಳೆಯ ಕಾರು, ಒಳ್ಳೆಯ ಚಳಿಗಾಲದ ಟೈರು ಹಾಕಿಸಿಕೊಂಡು, ಅಷ್ಟೇ ಹೊತ್ತಿಗೆ ಅದೇ ಪಾರ್ಕಿಂಗ್ ಜಾಗಕ್ಕೆ ಬಂದು ಮುಟ್ಟಿತು. ಈ ಸಂಗತಿಯನ್ನು ಸ್ಪ್ರೆಡ್‌ಶೀಟಿನಲ್ಲಿ ದಾಖಲಿಸಲು ಮಿತ್ರರು ಒಪ್ಪಲಿಲ್ಲ, ಅದಕ್ಕೆ ಕಾಲಂ ಇಲ್ಲ ಅಂದರು. ನಾನು ಮಲಗಲು ಊರೊಳಗೆ ಮೋಟೆಲಿನಲ್ಲಿ ರೂಮು ಹಿಡಿದಿದ್ದೆ, ಊಟಕ್ಕೆ ಮಾತ್ರ ವ್ಯಾನಿನ ಅತಿಥಿ.

ಕನ್ನಡಿಗರ ಮೋಟಾರ್‌ಹೋಮ್ ಮೌಲ್ಯಮಾಪನ ನಿಜವಾಗಿ ಶುರುವಾಗುವುದು ಇಲ್ಲಿ. ಇಂಗ್ಲಿಷ್ ವಿಡಿಯೋಗಳಲ್ಲಿ ಈ ಗಾಡಿಯ ಒಲೆಯ ಮೇಲೆ ಏನು ಮಾಡುತ್ತಾರೆ? ಮೊಟ್ಟೆ ಒಡೆಯುತ್ತಾರೆ, ಸೂಪಿನ ಡಬ್ಬಿ ಬಿಸಿ ಮಾಡುತ್ತಾರೆ. ಅದು ಅಡುಗೆಯಲ್ಲ, ಉಪವಾಸಕ್ಕೆ ಸ್ವಲ್ಪ ಮುಂಚಿನ ಸ್ಥಿತಿ. ನಮಗೆ ಅನ್ನ ಆಗಬೇಕು, ಹುಳಿ ಆಗಬೇಕು. ಲೆಡ್‌ವಿಲ್ ಎತ್ತರದಲ್ಲಿ ನೀರು ಸುಮಾರು 90 ಡಿಗ್ರಿಗೇ ಕುದಿದು ಕೈತೊಳೆದುಕೊಳ್ಳುತ್ತದೆ. ಆ ನೀರಿನಲ್ಲಿ ತೊಗರಿಬೇಳೆ ಬೆಳಗಿನ ತನಕ ಕುದಿದರೂ ಕಲ್ಲಿನ ಸ್ವಭಾವ ಬಿಡುವುದಿಲ್ಲ. ಹಾಗಾಗಿ ಕುಕ್ಕರ್ ಬಂತು. ಕುಕ್ಕರ್ ಬಂದರೆ ಸೀಟಿ ಬಂತು, ಸೀಟಿ ಬಂದರೆ ಹಬೆ ಬಂತು. ಒಲೆ ಪ್ರೊಪೇನಿನದು. ಒಂದು ಕಿಲೋ ಪ್ರೊಪೇನ್ ಉರಿದರೆ ಒಂದೂವರೆ ಕಿಲೋಗೂ ಹೆಚ್ಚು ನೀರಾವಿ ಹುಟ್ಟುತ್ತದೆ ಎಂಬ ಲೆಕ್ಕವನ್ನು ನಾವೆಲ್ಲ ಪಿಯುಸಿ ರಸಾಯನಶಾಸ್ತ್ರದಲ್ಲಿ ಮಾಡಿದ್ದೇವೆ, ಅಂಕ ಬಂದ ಮೇಲೆ ಮರೆತಿದ್ದೇವೆ. ಕುಕ್ಕರಿನದು, ಒಲೆಯದು, ಮೂವರ ಉಸಿರಿನದು, ಎಲ್ಲ ಆವಿಯೂ ಸೇರಿ ಆ ಚಿಕ್ಕ ಕೋಣೆಯಲ್ಲಿ ತಂಪಾದ ಜಾಗ ಹುಡುಕಿಕೊಂಡು ಹೊರಟಿತು. ಗಾಡಿ ತಬ್ಬಿಬ್ಬಾಗದೆ ತೋರಿಸಿತು: ಮುಂದಿನ ಗಾಜು, ಬಾಗಿಲಿನ ಚೌಕಟ್ಟು, ಗೋಡೆಯಲ್ಲಿ ಕಬ್ಬಿಣ ಹಾದುಹೋದ ಕಡೆ ಕೂತ ಒಂದೊಂದು ಸ್ಕ್ರೂವಿನ ತಲೆ. ಸ್ಕ್ರೂಗಳ ಮೇಲೆ ಬೆಳ್ಳಗೆ ಮಂಜು ಮೂಡುವುದನ್ನು ನಾನು ಅನ್ನ ಕಲಸುತ್ತ ನೋಡಿದೆ.

ಆಮೇಲೆ ಒಗ್ಗರಣೆ. ಶ್ರೀಮತಿಯವರು ಎಚ್ಚರಿಕೆ ಕೊಟ್ಟೇ ಮಾಡಿದರು. ಎಣ್ಣೆ ಕಾಯಿತು, ಸಾಸಿವೆ ಸಿಡಿಯಿತು, ಇಂಗು ಬಿತ್ತು, ಬ್ಯಾಡಗಿ ಮೆಣಸಿನಕಾಯಿ ಕಪ್ಪಾಗುವ ಮೊದಲೇ ಹೊಗೆ ಅಲಾರಂ ಅರಚಿಕೊಂಡಿತು. ಛಾವಣಿಯ ಫ್ಯಾನ್ ತೆರೆದರೆ ಘಾಟು ಹೋಗುತ್ತದೆ, ಜೊತೆಗೆ ಎರಡು ಗಂಟೆ ಹೀಟರ್ ಉರಿಸಿ ಕೂಡಿಟ್ಟ ಬಿಸಿಯೂ ಹೋಗುತ್ತದೆ. ತೆರೆಯದಿದ್ದರೆ ಬಿಸಿ ಉಳಿಯುತ್ತದೆ, ನಾವು ಉಳಿಯುವುದು ಅನುಮಾನ. ತೆರೆದೆವು. ಹೊರಗೆ ಮೈನಸ್ 15, ಮೂವರೂ ಕೋಟು ಹಾಕಿಕೊಂಡು, ಟೋಪಿ ಇಳಿಸಿಕೊಂಡು, ಹುಳಿ ಅನ್ನ ಉಂಡೆವು. ಹುಳಿ ಅಮೋಘವಾಗಿತ್ತು. ಅಷ್ಟು ನೆಟ್ಟಗೆ ಕೆಲಸ ಮಾಡಿದ್ದು ಆ ರಾತ್ರಿ ಅದೊಂದೇ.

ಸ್ನಾನದ ಮನೆಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ಗಾಡಿ ಚಿಕ್ಕದು ಎಂದಮೇಲೆ ಟಾಯ್ಲೆಟ್ಟಿನ ಮೇಲೆಯೇ ಶವರು, ಶವರಿನ ಕೆಳಗೆಯೇ ಟಾಯ್ಲೆಟ್ಟು. ಚಳಿಗಾಲದಲ್ಲಿ ಅದರೊಳಗೆ ಒದ್ದೆ ಬೂಟು, ಒದ್ದೆ ಜಾಕೆಟ್ಟು, ಹಿಮದ ಸಲಿಕೆ ನೇತುಹಾಕುತ್ತಾರೆ. ಮೂರನೆಯ ಮತ್ತು ನಾಲ್ಕನೆಯ ಉಪಯೋಗ ಶುರುವಾದ ಮೇಲೆ ಮೊದಲೆರಡು ನಿಂತುಹೋಗುತ್ತವೆ.

ನಾನು ಮೋಟೆಲಿಗೆ ಬಂದು ಮಲಗಿದೆ. ಬೆಳಿಗ್ಗೆ ಹೋಗುವ ಹೊತ್ತಿಗೆ ಮಿತ್ರರು ಡ್ರೈವರ್ ಸೀಟಿನಲ್ಲಿ ಕೂತು ಕ್ರೆಡಿಟ್ ಕಾರ್ಡಿನಿಂದ ಗಾಜಿನ ಒಳಮೈಯ ಮಂಜನ್ನು ಕೆರೆಯುತ್ತಿದ್ದರು. ವ್ಯಾನಿನ ಕೆಳಗೆ ನೀರು ಸುರಿದು ಗಾಜಿನ ಹಾಗೆ ಹರಡಿಕೊಂಡಿತ್ತು. ಪೈಪು ಒಡೆದಿರಲಿಲ್ಲ, ಇದು ವಿನ್ಯಾಸ. ಈ ಬಗೆಯ ಕೆಲವು ಗಾಡಿಗಳ ಬಾಯ್ಲರಿನಲ್ಲಿ ಒಂದು ಜಾಣ ವಾಲ್ವು ಇರುತ್ತದೆ. ಅದರ ಸುತ್ತಲ ಉಷ್ಣತೆ 3 ಡಿಗ್ರಿ ಆಸುಪಾಸಿಗೆ ಇಳಿದರೆ, ಬಾಯ್ಲರ್ ಒಡೆಯದಿರಲಿ ಎಂದು ಅದು ತಾನಾಗಿ ತೆರೆದುಕೊಂಡು ನೀರನ್ನೆಲ್ಲ ರಸ್ತೆಗೆ ಚೆಲ್ಲುತ್ತದೆ. ನಡುರಾತ್ರಿ ಹೀಟರ್ ಯಾವಾಗಲೋ ಆರಿಹೋಗಿತ್ತು. ಎತ್ತರದಲ್ಲಿ ಗಾಳಿ ತೆಳು, ಹೊಂದಿಸದ ಡೀಸೆಲ್ ಹೀಟರು ಮಸಿ ಕಟ್ಟಿಕೊಂಡು ಮುನಿಸಿಕೊಳ್ಳುವುದು ಹೊಸದೇನಲ್ಲ. ವಾಲ್ವು ತನ್ನ ಕರ್ತವ್ಯ ಮಾಡಿತ್ತು. ಬಾಯ್ಲರ್ ಬಚಾವು. ಒಳಗೆ ಮಲಗಿದ್ದವರಿಗೆ ಅಂಥ ವಾಲ್ವು ಇರಲಿಲ್ಲ.

‘ರೀ, ಎಷ್ಟು ಮಾರ್ಕ್ಸ್ ಕೊಟ್ರಿ?’ ಎಂದು ಶ್ರೀಮತಿ ಕಂಬಳಿಯೊಳಗಿಂದ ಕೇಳಿದರು.

‘ನೂರಕ್ಕೆ ಎಂಬತ್ತೇಳು ಬರ್ತಿದೆ ಕಣೇ.’

‘ನೀರಿಗೆ?’

‘ನೀರಿಗೆ ವೆಯ್ಟೇಜ್ ಕಮ್ಮಿ.’

ವಾಪಸು ಬಂದ ಮೇಲೆ ಮಿತ್ರರು ಅನುಭವಸ್ಥರನ್ನು ವಿಚಾರಿಸಿದರು. ಹತ್ತಾರು ಚಳಿಗಾಲ ವ್ಯಾನಿನಲ್ಲೇ ಕಳೆದವರು, ಸ್ಕೀ ಪರ್ವತದ ಬುಡದಲ್ಲಿ ಬಿಡಾರ ಹೂಡುವವರು. ಎಲ್ಲರದೂ ಒಂದೇ ಉಪದೇಶ: ಗಾಡಿಗೆ ನೀರೇ ತುಂಬಬೇಡಿ. ಅಕ್ಟೋಬರಿನಲ್ಲಿ ಟ್ಯಾಂಕು ಪೈಪು ಎಲ್ಲ ಖಾಲಿ ಮಾಡಿ ಗುಲಾಬಿ ಬಣ್ಣದ ಆ್ಯಂಟಿಫ್ರೀಜ್ ಹೊಯ್ದುಬಿಡಿ. ಕುಡಿಯಲು ಒಂದು ಕ್ಯಾನು ಒಳಗಿಡಿ, ಕೈತೊಳೆಯಲು ಒದ್ದೆ ಟಿಶ್ಯೂ, ಮಿಕ್ಕಿದ್ದಕ್ಕೆ ಚೀಲ. ಅಂದರೆ ನಲ್ಲಿ, ಸಿಂಕು, ಬಾಯ್ಲರ್, ಶವರು, ಎರಡು ಟ್ಯಾಂಕು, ಅವುಗಳ ಹೀಟಿಂಗ್ ಪ್ಯಾಡು ಇವೆಲ್ಲಕ್ಕೂ ದುಡ್ಡು ಕೊಟ್ಟು, ಒಂದನ್ನೂ ಮುಟ್ಟದೆ, ಒಳಗೆ ಟೆಂಟಿನವರ ಹಾಗೆ ಬಾಳುವುದೇ ಚಳಿಗಾಲದ ಮೋಟಾರ್‌ಹೋಮ್ ವಿದ್ಯೆಯ ಕೊನೆಯ ಮೆಟ್ಟಿಲು. ಎರಡು ಲಕ್ಷ ಡಾಲರ್ ಕೊಟ್ಟು ಆ ಮೆಟ್ಟಿಲು ಏರಬಹುದು. ಏಣಿಯೇ ಇಲ್ಲದವನು ಮೊದಲಿನಿಂದ ಅಲ್ಲೇ ನಿಂತಿರುತ್ತಾನೆ.

ಇನ್ನೂ ಹೆಚ್ಚು ಅನುಭವಸ್ಥರು ಬೇರೆ ಇದ್ದಾರೆ. ಅವರನ್ನು ಕೇಳಲು ಮಿತ್ರರಿಗೆ ಸಿಗಲಿಲ್ಲ, ಏಕೆಂದರೆ ಅವರು ಚಳಿಗಾಲದಲ್ಲಿ ಇಲ್ಲಿರುವುದಿಲ್ಲ. ಹಿಂದಿನ ಎರಡೇ ಚಕ್ರ ಎಳೆಯುವ ತಮ್ಮ ಹಳೇ ಗಾಡಿಗಳನ್ನು ಹೊಡೆದುಕೊಂಡು ಅರಿಜೋನಾದ ಕ್ವಾರ್ಟ್ಸ್‌ಸೈಟ್ ಮರುಭೂಮಿಗೆ ಹೋಗಿಬಿಡುತ್ತಾರೆ. ಅಲ್ಲಿ ಸರ್ಕಾರಿ ಜಮೀನಿನಲ್ಲಿ ಸೆಪ್ಟೆಂಬರ್ ಮಧ್ಯದಿಂದ ಏಪ್ರಿಲ್ ಮಧ್ಯದವರೆಗೆ ಏಳು ತಿಂಗಳು ಇರಲು ಪರ್ಮಿಟ್ಟಿನ ದರ ಬಹುಕಾಲ 180 ಡಾಲರ್ ಇತ್ತು. ನಾಲ್ಕು ಚಕ್ರ ಚಾಲನೆಗೆ ಕೊಡುವ ಹೆಚ್ಚುವರಿ ದುಡ್ಡಿನಲ್ಲಿ ಒಬ್ಬ ಅಲ್ಲಿ ತನ್ನ ಮಿಕ್ಕ ಚಳಿಗಾಲಗಳನ್ನೆಲ್ಲ ಬನಿಯನ್ನಿನಲ್ಲಿ ಕಳೆಯಬಹುದು. ಆದರೆ ಬನಿಯನ್ನಿನ ಮುದುಕರ ಫೋಟೋ ಕ್ಯಾಟಲಾಗಿಗೆ ಒದಗುವುದಿಲ್ಲ.

ಮಿತ್ರರು ಕೊಂಡರು. ಕೊಳ್ಳುವುದಿಲ್ಲ ಎಂದು ನೀವು ಅಂದುಕೊಂಡಿದ್ದರೆ ನಿಮಗೆ ಸ್ಪ್ರೆಡ್‌ಶೀಟಿನ ಸ್ವಭಾವ ಗೊತ್ತಿಲ್ಲ. ಅದು ಯಾವತ್ತೂ ಬೇಡ ಅಂದ ಚರಿತ್ರೆಯಿಲ್ಲ, ಬೇಡ ಅಂದರೆ ಇನ್ನೊಂದು ಕಾಲಂ ಸೇರಿಸುತ್ತಾರೆ. ಬೂದು ಬಣ್ಣದ ಗಾಡಿ, ಬದಿಯಲ್ಲಿ ಪರ್ವತದ ಚಿತ್ರ, ಛಾವಣಿಯಲ್ಲಿ ಏಣಿ, ಹಿಂಭಾಗದಲ್ಲಿ ಹಿಮದ ಸಲಿಕೆ. ಮನೆ ಮುಂದೆ ನಿಲ್ಲಿಸಿದ ಮೂರನೇ ದಿನಕ್ಕೇ ಬಡಾವಣೆಯ ಸಂಘದಿಂದ ನೋಟಿಸ್ ಬಂತು: ವಾಸಯೋಗ್ಯ ವಾಹನಗಳನ್ನು ಬೀದಿಗೆ ಕಾಣುವಂತೆ ನಿಲ್ಲಿಸಬಾರದು. ಮಿತ್ರರಿಗೆ ಸಿಟ್ಟು, ಶ್ರೀಮತಿಗೆ ನಗು. ‘ವಾಸಯೋಗ್ಯ ಅಂತ ಬರೆದುಕೊಟ್ಟಿದಾರಲ್ರೀ, ಫ್ರೇಮ್ ಹಾಕ್ಸಿ’ ಅಂದರಂತೆ. ಈಗ ಅದು ಊರಾಚೆ ಬಾಡಿಗೆ ಕೊಟ್ಟ ಬಯಲಿನಲ್ಲಿ ನಿಂತಿದೆ. ಆ ಬಯಲಿನವರ ನಿಯಮ, ನವೆಂಬರಿನ ಮೊದಲು ಗಾಡಿಗಳ ನೀರು ಖಾಲಿ ಮಾಡಿಸಬೇಕು.

ಜನವರಿಯಲ್ಲಿ ಒಮ್ಮೆಯಾದರೂ ಹೋಗದಿದ್ದರೆ ಮರ್ಯಾದೆ ಏನಾಗಬೇಕು? ಹೋದ ವಾರ ಹೊರಟರು. ಲೆಡ್‌ವಿಲ್ಲಿನ ಅದೇ ಮೋಟೆಲಿನಲ್ಲಿ ಶ್ರೀಮತಿಯವರು ಮೊದಲೇ ರೂಮು ಕಾದಿರಿಸಿದ್ದರು. ಕೆಳಗಿನ ಅಂತಸ್ತು, ಅಡುಗೆ ಒಲೆ ಇರುವ ರೂಮು, ಕಿಟಕಿಯಿಂದ ವ್ಯಾನು ಕಾಣಬೇಕು ಎಂಬುದು ಮಿತ್ರರ ಒಂದೇ ಷರತ್ತು. ರೂಮಿಗೆ ಸಾಮಾನು ಇಳಿಸಿ, ಕುಕ್ಕರ್ ಏರಿಸಿ, ಮಿತ್ರರು ಕೈಯಲ್ಲಿ ಐವತ್ತಡಿ ಎಕ್ಸ್‌ಟೆನ್ಷನ್ ವೈರು ಹಿಡಿದು ಕೌಂಟರಿಗೆ ಹೋದರು. ಹೊರಗಡೆ ಒಂದು ಪ್ಲಗ್ ಸಿಗುತ್ತದೆಯೇ, ರಾತ್ರಿಗೆ ಗಾಡಿಯನ್ನು ಸ್ವಲ್ಪ ಬೆಚ್ಚಗಿಡಬೇಕಿತ್ತು ಎಂದು ಕೇಳಿದರು.

ಕೌಂಟರಿನ ಹೆಂಗಸು ಕಿಟಕಿಯಾಚೆ ಇಣುಕಿ ಗಾಬರಿಯಾದಳು. ‘ಇಷ್ಟು ಚಳಿಯಲ್ಲಿ ಅದರೊಳಗೆ ಯಾರನ್ನಾದರೂ ಬಿಟ್ಟು ಬಂದಿದ್ದೀರಾ?’

‘ಇಲ್ಲ ಇಲ್ಲ, ಬ್ಯಾಟರಿ ಇದೆ’ ಅಂದರು ಮಿತ್ರರು.

ಆಕೆ ರಿಜಿಸ್ಟರ್ ತೆಗೆದು, ಸಾಕುಪ್ರಾಣಿಗಳ ಕಾಲಮಿನಲ್ಲಿ 25 ಡಾಲರ್ ಬರೆದುಕೊಂಡಳು.